ವಿದ್ಯಾರ್ಥಿನಿಲಯದ ಮೂರು ಹೊಣೆಗಳು

ಸಂಸ್ಕೃತದಲ್ಲಿ ವಿದ್ಯಾರ್ಥಿಗೆ ‘ಛಾತ್ರ’ನೆಂಬ ಹೆಸರುಂಟು. ಛತ್ರವೆಂದರೆ ಕೊಡೆ. ಗುರುವು ಕೊಡೆಯಂತೆ ಶಿಷ್ಯನನ್ನು ಕಾಯುವನು. ಶಿಷ್ಯನೂ ಆ ಕೊಡೆಯನ್ನು ಜೋಪಾನ ಮಾಡಬೇಕು. ಪತಂಜಲಿಯ ಮಹಾಭಾಷ್ಯದಲ್ಲಿ ಈ ಶಬ್ದಕ್ಕೆ ಹೀಗೆ ಅರ್ಥ ಹೇಳಿದೆ. ಗುರುಕುಲಗಳ ಕಾಲ ಕಳೆದುಹೋಯಿತು. ಕೊಡೆ ಹಿಡಿಯುವ ಕೆಲಸ ಈಗ ವಿದ್ಯಾರ್ಥಿನಿಲಯಕ್ಕೆ ಬಂದಿದೆ. ಅದನ್ನು ಸರ್ಕಾರ ನಡೆಸಲಿ, ಮಠ ನಡೆಸಲಿ, ಲಾಭಕ್ಕಾಗಿ ಒಂದು ಕಂಪನಿಯೇ ನಡೆಸಲಿ, ಅದರ ಹೊಣೆ ಮೂರು ಬಗೆಯದು: ಒಳಗಿರುವ ಮಗುವಿನದು, ಹೊರಗಿರುವ ನೆರೆಯವರದು, ಕೆಳಗಿರುವ ನೆಲಜಲದ್ದು.

ಹಿಂದೆ ಬಡ ಹುಡುಗನ ಓದು ವಾರಾನ್ನದ ಮೇಲೆ ನಿಂತಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಏಳು ಮನೆ ದೊರೆತರೆ ವಾರ ತುಂಬಿತು. ಆರೇ ದೊರೆತರೆ ಒಂದು ದಿನ ಉಪವಾಸ. ಮೇಲಾಗಿ, ಅನ್ನ ಹಾಕುವ ಮನೆಯವರು ಮೊದಲು ಜಾತಿ ಕೇಳುತ್ತಿದ್ದರು. ಎಷ್ಟೋ ಮಕ್ಕಳಿಗೆ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಈ ಕಷ್ಟವನ್ನರಿತ ಕೊಲ್ಲಾಪುರದ ಶಾಹು ಮಹಾರಾಜರು 1901ರಲ್ಲಿ ವಿದ್ಯಾರ್ಥಿಗಳಿಗಾಗಿ ವಸತಿಗೃಹ ತೆರೆಯಿಸಿದರು. ಮುಂದೆ ಬೇರೆ ಬೇರೆ ಸಮಾಜಗಳ ಮಕ್ಕಳಿಗೂ ಅಂಥ ಗೃಹಗಳು ಎದ್ದವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ 1917ರಲ್ಲಿ ಆರಂಭವಾದ ಉಚಿತ ನಿಲಯವು ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳ ಮನೆಯಾಯಿತು.

ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆ 1948ರವರೆಗೆ ನಿಜಾಮರ ಆಳಿಕೆಯಲ್ಲಿತ್ತು; 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಮೊದಲ ನಾಲ್ಕು ಊರುಗಳಿಗೆ ರೈಲುಂಟು, ಚಿಂಚೋಳಿಗೆ ಅದೂ ಇಲ್ಲ. ಅಲ್ಲಿನ ತಾಂಡಾಗಳಿಂದ ಕೂಲಿಯನ್ನರಸಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೋಗುವ ತಾಯಿತಂದೆಗಳಿಗೆ ಮಗುವನ್ನು ಬಿಟ್ಟುಹೋಗಲು ನಂಬಿಕೆಯ ಒಂದು ಮನೆ ಬೇಕು. ಅದಿಲ್ಲವಾದರೆ ಮಗುವೂ ಅವರೊಡನೆ ಹೋಗುತ್ತದೆ. ಶಾಲೆ ಅಲ್ಲಿಗೆ ಮುಗಿಯಿತು. ಸ್ನಾನಕ್ಕೆ ನೀರಿಲ್ಲದ, ಶೌಚಾಲಯಕ್ಕೆ ಬಾಗಿಲು ಸರಿಯಿಲ್ಲದ ನಿಲಯದಲ್ಲಿ ಹೆಣ್ಣುಮಗಳು ನಿಲ್ಲುವಳೆ? ಎಂದಮೇಲೆ ನೀರಿನ ಲೆಕ್ಕವೂ ವಿದ್ಯೆಯ ಲೆಕ್ಕವೇ.

ಈಗ ಪಟ್ಟಣಗಳಲ್ಲಿ ವಿದ್ಯಾರ್ಥಿಗಳ ವಸತಿಯೇ ಒಂದು ವ್ಯಾಪಾರವಾಗಿದೆ. ವ್ಯಾಪಾರ ತಪ್ಪಲ್ಲ, ಅಳತೆಯಿಲ್ಲದ ವ್ಯಾಪಾರ ತಪ್ಪು. 2024ರಲ್ಲಿ ಬೆಂಗಳೂರು ಮಹಾನಗರಪಾಲಿಕೆಯು ಖಾಸಗಿ ವಸತಿಗೃಹಗಳಿಗೆ ನಿಯಮ ವಿಧಿಸಿ, ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರು ನೀರು ಕೊಡತಕ್ಕದ್ದೆಂದು ಹೇಳಿತು. ಆ ಅಳತೆಗೋಲನ್ನು ನಮ್ಮ ಕಡೆಗೆ ತಂದು ನೋಡೋಣ.

ನೂರು ಮಕ್ಕಳ ನಿಲಯಕ್ಕೆ ದಿನಕ್ಕೆ 13,500 ಲೀಟರು ನೀರು ಬೇಕಾಯಿತು. ಅಷ್ಟನ್ನೂ ಒಂದೇ ಕೊಳವೆಬಾವಿಯಿಂದ ಎಳೆದರೆ, ಬೇಸಗೆಯಲ್ಲಿ ನೆರೆಮನೆಯ ಬಾವಿಯ ಗತಿ ಏನು? ಆದರೆ ಮೇಲೆ ಮಾಳಿಗೆಯಿದೆ. ಒಂದು ಚದರ ಮೀಟರು ಮಾಳಿಗೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನಮ್ಮ ಜಿಲ್ಲೆಯ ಮಳೆ ವರ್ಷಕ್ಕೆ ಸುಮಾರು 750 ಮಿಲಿಮೀಟರು. 200 ಚದರ ಮೀಟರಿನ ಮಾಳಿಗೆಯ ಮೇಲೆ ಒಂದೂವರೆ ಲಕ್ಷ ಲೀಟರು ಸುರಿಯುತ್ತದೆ. ಐದರಲ್ಲೊಂದು ಪಾಲು ವ್ಯರ್ಥವಾಯಿತೆಂದರೂ 1,20,000 ಲೀಟರು ಕೈಗೆ ಬರುತ್ತದೆ. ಎಲ್ಲ ಬಳಕೆಗೂ ಸುರಿದರೆ ಇದು ಒಂಬತ್ತು ದಿನವೂ ಬಾರದು. ಕುಡಿಯಲು, ಅಡುಗೆಗೆ ತಲೆಗೆ ಐದು ಲೀಟರಿನಂತೆ ಮೀಸಲಿಟ್ಟರೆ 240 ದಿನ ಬರುತ್ತದೆ! ಮಾಘದಿಂದ ವೈಶಾಖದವರೆಗಿನ ನಾಲ್ಕು ತಿಂಗಳಿಗೆ 60,000 ಲೀಟರು ಸಾಕು. ಐದು ಮೀಟರು ಉದ್ದ, ನಾಲ್ಕು ಮೀಟರು ಅಗಲ, ಮೂರು ಮೀಟರು ಆಳದ ತೊಟ್ಟಿಯಲ್ಲಿ ಅದು ಹಿಡಿಯುತ್ತದೆ. ಮೊದಲ ಮಳೆಯ ಧೂಳುನೀರನ್ನು ಹೊರಗೆ ಬಿಟ್ಟು, ಮುಂದಿನದನ್ನು ಮರಳು ಜಲ್ಲಿಗಳಲ್ಲಿ ಸೋಸಿ ತುಂಬಬೇಕು; ಕುಡಿಯುವ ಮುನ್ನ ಕಾಯಿಸಬೇಕು; ತೊಟ್ಟಿಯನ್ನು ಬೆಳಕು ಬೀಳದಂತೆ ಮುಚ್ಚಿರಬೇಕು. ಮುಚ್ಚಲು ಶಹಾಬಾದದ ಹಾಸುಗಲ್ಲು ಮಗ್ಗುಲಲ್ಲೇ ಇದೆ.

ಆ ಕಲ್ಲೇ ಇನ್ನೊಂದು ಎಚ್ಚರಿಕೆಯನ್ನೂ ಹೇಳುತ್ತದೆ. ನಮ್ಮ ಕಾಲಡಿ ಇರುವುದು ಸುಣ್ಣಕಲ್ಲು. ಇಲ್ಲಿ ಸಿಮೆಂಟಿನ ಕಾರ್ಖಾನೆಗಳು ಬಂದುದು ಇದರಿಂದಲೇ. ಸುಣ್ಣಕಲ್ಲಿನ ಪದರಗಳಲ್ಲಿ ಬಿರುಕುಗಳುಂಟು. ಮಣ್ಣಿನಲ್ಲಿ ನಿಧಾನವಾಗಿ ಇಂಗುವ ನೀರು ಸೋಸಿಕೊಂಡು ಹೋಗುತ್ತದೆ. ಬಿರುಕಿನಲ್ಲಿ ಇಳಿಯುವ ನೀರು ಇದ್ದಂತೆಯೇ ಬಾವಿಯನ್ನು ಸೇರುತ್ತದೆ. ಆದ್ದರಿಂದ ಕಲ್ಲು ತೆಗೆದ ಹಳೆಯ ಗುಂಡಿಗೆ ಕಸ ಸುರಿಯುವುದೂ, ತಳ ಕಟ್ಟದ ಶೌಚದ ಗುಂಡಿ ತೋಡುವುದೂ ಊರಿನ ಬಾವಿಗೇ ಹೊಲಸು ಸುರಿದಂತೆ. ತೊಟ್ಟಿಗೆ ತಳ ಗೋಡೆಗಳೆರಡೂ ಭದ್ರವಾಗಿರಬೇಕು. ಸ್ನಾನದ ನೀರನ್ನು ಬೇವು ಹೊಂಗೆಗಳ ಪಾತಿಗೆ ತಿರುಗಿಸಿದರೆ ನೆರಳೂ ಆಯಿತು, ಧೂಳಿಗೆ ತಡೆಯೂ ಆಯಿತು.

ಕಸದ ಮಾತೂ ಹೀಗೆಯೇ. 2016ರ ಘನತ್ಯಾಜ್ಯ ನಿಯಮಗಳು ಹಸಿಕಸ, ಒಣಕಸ, ಅಪಾಯದ ಕಸಗಳನ್ನು ಹುಟ್ಟಿದಲ್ಲೇ ಬೇರ್ಪಡಿಸಬೇಕೆಂದು ವಿಧಿಸಿದವು. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹುಟ್ಟಿಸುವ ವಸತಿನಿಲಯಗಳಿಗೆ ಹೆಚ್ಚಿನ ಹೊಣೆ ಹೊರಿಸಿದವು. ನಿಯಮ ಬಂದು ಬಾಗಿಲು ತಟ್ಟುವವರೆಗೆ ಕಾಯಬೇಕಾಗಿಲ್ಲ. ನೂರು ಮಕ್ಕಳು ತಲೆಗೆ 50 ಗ್ರಾಂ ಅನ್ನ ಬಿಟ್ಟರೂ ದಿನಕ್ಕೆ ಐದು ಕಿಲೋ, 200 ದಿನಕ್ಕೆ ಹತ್ತು ಕ್ವಿಂಟಲು. ಇಲ್ಲಿ ಶಿಷ್ಯನೂ ಕೊಡೆಯನ್ನು ಕಾಯಬೇಕಾದವನು.

ನೆರೆಯವರ ಋಣ ತೀರಿಸುವ ದಾರಿ ಅಡುಗೆಮನೆಯಲ್ಲೇ ಇದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆ ಬೇಳೆಯನ್ನೂ ಜೋಳವನ್ನೂ ಸುತ್ತಲಿನ ರೈತರಿಂದಲೇ ಕೊಂಡರೆ ನಿಲಯದ ಹಣ ಊರಲ್ಲೇ ಉಳಿಯುತ್ತದೆ. ಅಡುಗೆಯವರಿಗೂ ಕಸ ಗುಡಿಸುವವರಿಗೂ ತಕ್ಕ ಸಂಬಳ, ವಾರಕ್ಕೊಂದು ರಜೆ ಕೊಡಬೇಕು. ಪಂಕ್ತಿಯಲ್ಲಿ ಭೇದವಂತೂ ಕೂಡದು.

2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕಾಗಿ ವೆಚ್ಚ ಮಾಡಬೇಕೆಂದು ವಿಧಿಸಿದೆ. ಒಳ್ಳೆಯದೇ. ಆದರೆ ಅದು ಲಾಭ ಬಂದಮೇಲಿನ ಲೆಕ್ಕ. ಲಾಭ ಬರುವ ಬಗೆಯಲ್ಲೇ ಧರ್ಮವಿರಬೇಕೆಂಬುದು ಹಿರಿದಾದ ಲೆಕ್ಕ. ನೆರೆಯ ಬಾವಿಯನ್ನು ಬತ್ತಿಸಿ, ಶಾಲೆಯ ಗೋಡೆಗೆ ಸುಣ್ಣ ಹೊಡೆಸಿದರೆ ಋಣ ತೀರಲಿಲ್ಲ.

ಮಕ್ಕಳನ್ನು ನಿಲಯಕ್ಕೆ ಸೇರಿಸುವ ದಿನ ನಾವು ಶುಲ್ಕವೆಷ್ಟು, ಊಟವೇನು ಎಂದು ಕೇಳುತ್ತೇವೆ. ಇನ್ನು ಮೂರು ಮಾತು ಕೂಡಿಸಿ ಕೇಳೋಣ: ನೀರು ಎಲ್ಲಿಂದ ಬರುತ್ತದೆ? ಕೊಳೆ ಎಲ್ಲಿಗೆ ಹೋಗುತ್ತದೆ? ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣುತ್ತಾರೆಯೆ? ಕೇಳುವವರು ಹೆಚ್ಚಿದಂತೆ ಉತ್ತರ ಸಿದ್ಧವಿಟ್ಟುಕೊಳ್ಳುವ ನಿಲಯಗಳೂ ಹೆಚ್ಚುವುವು.