ಮಳೆ ನಕ್ಷತ್ರದ ಲೆಕ್ಕ, ಹಿತ್ತಲಿನ ಬಿತ್ತನೆ

ಮುಳ್ಳುಸೌತೆ ಬೀಜವನ್ನು ಯಾವಾಗ ಊರಬೇಕು? ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪದಲ್ಲಾಗಲಿ, ನೆರೆಯ ಕೊಪ್ಪ, ಶೃಂಗೇರಿಯ ಹಳ್ಳಿಗಳಲ್ಲಾಗಲಿ ಹಿರಿಯರು ಈ ಪ್ರಶ್ನೆಗೆ ತಾರೀಖು ಹೇಳುವುದು ಕಡಿಮೆ. ರೋಹಿಣಿ ಬರಲಿ, ಮೃಗಶಿರ ಬಲಿಯುವ ಮೊದಲು ಬಳ್ಳಿ ಚಪ್ಪರ ಹಿಡಿದಿರಲಿ ಎಂಬ ಧಾಟಿಯ ಮಾತೇ ಹೆಚ್ಚು. ಮಲೆನಾಡಿನ ಹಿತ್ತಲು ನಡೆದುಕೊಂಡು ಬಂದಿರುವುದು ಮಳೆ ನಕ್ಷತ್ರಗಳ ಲೆಕ್ಕದಲ್ಲಿ.

ಈ ಲೆಕ್ಕ ಚಂದ್ರನದಲ್ಲ, ಸೂರ್ಯನದು. ಆಕಾಶದಲ್ಲಿ ಸೂರ್ಯ ಸಾಗುವ ದಾರಿಯನ್ನು 27 ಸಮಭಾಗ ಮಾಡಿದರೆ ಒಂದೊಂದನ್ನು ದಾಟಲು ಅವನಿಗೆ ಸರಾಸರಿ ಹದಿಮೂರೂವರೆ ದಿನ ಬೇಕು. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ, 27ಕ್ಕೆ ಭರಣಿ, ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರಾ. ಹೀಗೆ ಪುನರ್ವಸು, ಪುಷ್ಯ, ಆಶ್ಲೇಷಾ, ಮಘೆ ಎಂದು ಮುಂದುವರಿದು ಅಕ್ಟೋಬರಿನಲ್ಲಿ ಚಿತ್ತಾ, ಸ್ವಾತಿ ಬರುತ್ತವೆ. ವರ್ಷದಿಂದ ವರ್ಷಕ್ಕೆ ಒಂದು ದಿನ ಹಿಂದುಮುಂದಾದೀತು, ಅಷ್ಟೆ. ಚಾಂದ್ರಮಾನದ ಹಬ್ಬಗಳಂತೆ ಹದಿನೈದು ಇಪ್ಪತ್ತು ದಿನ ಓಡಾಡುವುದಿಲ್ಲ. ರೈತನಿಗೆ ಬೇಕಾದದ್ದೂ ಇಂಥ ಕದಲದ ಗೂಟವೇ.

ಇಷ್ಟು ಎಚ್ಚರ ಏಕೆಂದರೆ ಮಲೆನಾಡಿನಲ್ಲಿ ಗಿಡ ಬದುಕುವುದೂ ಸಾಯುವುದೂ ಮಳೆಯಿಂದಲೇ. ಮೊದಲ ಅಡ್ಡಮಳೆಗೆ ಆತುರಪಟ್ಟು ಬೀಜ ಹಾಕಿದರೆ ಮೊಳಕೆ ಬಂದು, ಮುಂದಿನ ಹದಿನೈದು ದಿನದ ಬಿಸಿಲಿಗೆ ಸುಟ್ಟುಹೋಗುತ್ತದೆ. ತಡಮಾಡಿ ಆರಿದ್ರಾ ಮಳೆಯಲ್ಲಿ ಹಾಕಿದರೆ ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದೆ ಬೀಜ ಕೊಳೆಯುತ್ತದೆ. ಬೇರೂರದ ಸಸಿಯನ್ನು ಹನಿಯ ಹೊಡೆತವೇ ಮಲಗಿಸುತ್ತದೆ. ಸೌತೆ, ಹೀರೆ, ಪಡವಲ, ಬೆಂಡೆ ಇವೆಲ್ಲ ಜಡಿಮಳೆಗೆ ಮೊದಲೇ ಬೇರುಬಿಟ್ಟು ನಿಂತಿರಬೇಕು. ಶುಂಠಿ ಹಾಕುವವರಿಗೂ ಏಪ್ರಿಲ್, ಮೇ ತಿಂಗಳೇ ಹದ. ಮಡಿ ಎತ್ತರಿಸದೆ, ಬಸಿಗಾಲುವೆ ತೆಗೆಯದೆ ಮಳೆಗೆ ಸಿಕ್ಕಿಬಿದ್ದರೆ ಕೊಳೆರೋಗ ತಪ್ಪಿದ್ದಲ್ಲ.

ಹೀಗೆ ಒಂದು ಅಪಾಯದ ದಿನವನ್ನು ಗುರುತಿಟ್ಟು ಅಲ್ಲಿಂದ ಲೆಕ್ಕ ಹಾಕುವುದು ಮಲೆನಾಡಿಗಷ್ಟೇ ಸೇರಿದ್ದಲ್ಲ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿರುವ ಫೀನಿಕ್ಸ್ ನಗರದ ಆಸುಪಾಸಿನಲ್ಲಿ ಚಳಿಗಾಲದ ಕೆಲವು ರಾತ್ರಿ ಉಷ್ಣತೆ ಸೊನ್ನೆಗಿಳಿದು ಹಿಮ ಕಟ್ಟುತ್ತದೆ. ಎಳೆಯ ಟೊಮೆಟೊ ಸಸಿ ಒಂದೇ ರಾತ್ರಿಯಲ್ಲಿ ಕಪ್ಪಾಗುತ್ತದೆ. ಹಾಗೆಂದು ಕಾಯುತ್ತ ಕೂತರೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟಿ ಹೂವು ಕಾಯಿಗಟ್ಟದೆ ಉದುರುತ್ತದೆ. ಹೀಗಾಗಿ ಕೊನೆಯ ಹಿಮ ಬೀಳುವ ಸರಾಸರಿ ದಿನವನ್ನು ಹಿಡಿದು, ಫೆಬ್ರುವರಿ ನಡುವಿನಿಂದ ಮಾರ್ಚ್‌ವರೆಗೆ ಅಲ್ಲಿ ಸಸಿ ನೆಡುತ್ತಾರೆ. ಮುತ್ತಿನಕೊಪ್ಪದಲ್ಲಿ ಹಿಮವಿಲ್ಲ. ಆ ಜಾಗದಲ್ಲಿ ಜಡಿಮಳೆ ನಿಂತಿದೆ. ಎರಡು ಕಷ್ಟಗಳ ನಡುವಿನ ಕಿಂಡಿಯನ್ನು ಹುಡುಕುವ ಜಾಣ್ಮೆ ಎರಡೂ ಕಡೆ ಒಂದೇ.

ಆ ಕಿಂಡಿಯೂ ಊರಿಂದೂರಿಗೆ ಬೇರೆ. ಪಶ್ಚಿಮದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಶೃಂಗೇರಿ, ಕೊಪ್ಪ ದಾಟಿ ಪೂರ್ವಕ್ಕೆ ನರಸಿಂಹರಾಜಪುರದತ್ತ ಬಂದಂತೆ ಮಳೆ ಇಳಿಯುತ್ತ ಹೋಗುತ್ತದೆ. ಘಟ್ಟದಂಚಿನವರಿಗೆ ತಡವೆನಿಸಿದ ಬಿತ್ತನೆ ಮುತ್ತಿನಕೊಪ್ಪದವರಿಗೆ ಸಕಾಲ ಎನಿಸಬಹುದು. ಮಳೆ ಹಿಂದೆ ಸರಿದು ಚಿತ್ತಾ, ಸ್ವಾತಿ ಬಂದಾಗ ಎರಡನೆಯ ಕಿಂಡಿ ತೆರೆಯುತ್ತದೆ. ಹರಿವೆ, ಮೂಲಂಗಿ, ಬದನೆ, ಟೊಮೆಟೊಗಳಿಗೆ ಅದೇ ಕಾಲ.

ಆದರೆ ನಕ್ಷತ್ರ ಮಳೆ ತರುವುದಿಲ್ಲ ಎಂಬುದನ್ನು ಮರೆಯಬಾರದು. ಅದು ದಿನ ಎಣಿಸುತ್ತದೆ, ಅಷ್ಟೇ. ಆ ಎಣಿಕೆಯೂ ಋತುವಿನಿಂದ ನಿಧಾನವಾಗಿ ಜಾರುತ್ತಿದೆ. ಭೂಮಿಯ ಅಕ್ಷ ಬುಗುರಿಯಂತೆ ತೂಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ವರಾಹಮಿಹಿರನಿದ್ದ 6ನೇ ಶತಮಾನದಲ್ಲಿ ಹಗಲು ಇರುಳು ಸಮವಾಗುವ ದಿನಕ್ಕೆ ಹತ್ತಿರವಿದ್ದ ಮೇಷ ಸಂಕ್ರಮಣ ಈಗ ಅದಕ್ಕಿಂತ ಮೂರು ವಾರಕ್ಕೂ ಹೆಚ್ಚು ತಡವಾಗಿ ಬರುತ್ತಿದೆ.

ಒಬ್ಬ ಮನುಷ್ಯನ ಆಯುಷ್ಯದಲ್ಲಿ ಈ ಜಾರುವಿಕೆ ಲೆಕ್ಕಕ್ಕಿಲ್ಲ. ಈಗಿನ ಕಷ್ಟ ಮಳೆಯದೇ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಹವಾಮಾನ ಇಲಾಖೆಯ ಪ್ರಕಾರ 2023ರಲ್ಲಿ ಅದು ಬಂದದ್ದು ಜೂನ್ 8ರಂದು, 2025ರಲ್ಲಿ ಮೇ 24ರಂದು. ನಡುವಿನ ಅಂತರ ಹದಿನೈದು ದಿನ, ಅಂದರೆ ಒಂದು ಇಡೀ ನಕ್ಷತ್ರಕ್ಕಿಂತ ಹೆಚ್ಚು. ಒಂದು ವರ್ಷ ಮೃಗಶಿರದಲ್ಲಿ ಬಂದ ಮುಂಗಾರು ಇನ್ನೊಂದು ವರ್ಷ ಕೃತ್ತಿಕೆಯಲ್ಲೇ ಬಂದಿತು. ರೋಹಿಣಿಗೆಂದು ಬೀಜ ಎತ್ತಿಟ್ಟವರಿಗೆ 2025ರಲ್ಲಿ ಕಿಂಡಿ ತೆರೆಯುವ ಮೊದಲೇ ಮುಚ್ಚಿತ್ತು.

ಹಾಗಾದರೆ ಹಳೆಯ ಲೆಕ್ಕವನ್ನು ಕೈಬಿಡಬೇಕೇ? ಬೇಕಿಲ್ಲ. ಕಾಯಿಗೆ ಎಷ್ಟು ದಿನ, ಜಡಿಮಳೆಗೆ ಎಷ್ಟು ದಿನ ಎಂದು ಹಿಂದಕ್ಕೆ ಎಣಿಸುವ ಕ್ರಮ ಇಂದಿಗೂ ಸರಿ. ಆದರೆ ಎಣಿಕೆ ಶುರುಮಾಡುವ ಮೊದಲು ಮುನ್ಸೂಚನೆ ಕೇಳಬೇಕು, ಮಣ್ಣಿನ ಹದ ನೋಡಬೇಕು. ಮನೆಬೀಜವಿದ್ದವರು ಎಲ್ಲವನ್ನೂ ಒಂದೇ ದಿನ ಊರದೆ ಎರಡು ಕಂತು ಮಾಡಿಕೊಳ್ಳುವುದು ಒಳ್ಳೆಯದು. ಸೂರಿನಡಿ ಕೊಟ್ಟೆಗಳಲ್ಲಿ ನಾಲ್ಕು ಸಸಿ ಎಬ್ಬಿಸಿಟ್ಟುಕೊಂಡರೆ ಇನ್ನೂ ಕ್ಷೇಮ. ಮಳೆ ತಪ್ಪಿದ ವರ್ಷ ಹೋಗುವುದು ಬರೀ ಒಂದು ಚಪ್ಪರದ ಕಾಯಿಯಲ್ಲ. ತಲೆಮಾರುಗಳಿಂದ ಉಳಿಸಿಕೊಂಡು ಬಂದ ಬೀಜದ ಸಂತಾನವೂ ಅದರ ಜೊತೆಗೇ ಹೋದೀತು.