ಕಂಪ್ಯೂಟರ್ ತಾನಾಗಿಯೇ ಆರಿದರೆ?

ಹೊಸ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆರಿಹೋಗುತ್ತಿದೆಯೇ? ಕೆಟ್ಟಿತೆಂದು ಹೆದರುವ ಮೊದಲು, ಅದು ಆರುವ ಹೊತ್ತನ್ನು ಗುರುತು ಹಾಕಿಕೊಳ್ಳಿ.

ಮೂಡಿಗೆರೆ, ಕಳಸದ ಒಂಟಿಮನೆಗಳಿಗೆ ವಿದ್ಯುತ್ ತಂತಿ ಕಾಫಿತೋಟಗಳನ್ನು ದಾಟಿ ಬರುತ್ತದೆ. ಹೂಮಳೆ ತಡವಾಗಿ ಪಂಪ್‌ಸೆಟ್‌ಗಳು ಓಡುವಾಗ ದೀಪ ಮಂಕಾಗಿ, ಅದೇ ಕ್ಷಣ ಕಂಪ್ಯೂಟರ್ ಆರಿದರೆ, 230 ವೋಲ್ಟ್ ಇರಬೇಕಾದ ಒತ್ತಡ ತೀರಾ ಕುಸಿದಿರಬಹುದು. ಇದಕ್ಕೆ ಯು.ಪಿ.ಎಸ್. ಪರಿಹಾರ.

ದೀಪ ಮಂಕಾಗದೆ, ಆಟವಾಡುವಾಗ ಮಾತ್ರ ಆರಿದರೆ ಬಿಸಿಯ ಮೇಲೆ ಸಂಶಯಪಡಿ. ಸಾಮಾನ್ಯವಾಗಿ ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ನಿಧಾನಿಸುತ್ತದೆ. ಬಿಸಿ ಇನ್ನೂ ಏರಿದರೆ ತನ್ನ ರಕ್ಷಣೆಗೆ ತಾನೇ ಆರುತ್ತದೆ. ಫ್ಯಾನ್ ತಿರುಗುತ್ತಿದೆಯೇ, ಗಾಳಿಕಿಂಡಿ ಗೋಡೆಗೆ ಒತ್ತಿದೆಯೇ, ನೋಡಿ.

ಎರಡೂ ಸರಿಯಿದ್ದರೆ ಒಳಗಿನ ಪವರ್ ಸಪ್ಲೈ ದೋಷವಿರಬಹುದು. ಅದನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ವಾರಂಟಿ ಚೀಟಿಯೊಡನೆ ಅಂಗಡಿಗೆ ಒಯ್ಯಿರಿ. ಗುಡುಗು ಸಮೀಪಿಸುವ ಮೊದಲೇ ಪ್ಲಗ್ ಕೀಳುವುದನ್ನೂ ಮಕ್ಕಳಿಗೆ ಕಲಿಸಿ.