ಎದುರಾಳಿಯ ಹಕ್ಕಿಗೆ ನಿಲ್ಲುವವರು ಯಾರು?

ಚುನಾವಣೆಗೆ ನಿಂತವರೆಲ್ಲ ನಾಮಪತ್ರದ ಜೊತೆ ನಮೂನೆ 26ರಲ್ಲಿ ಪ್ರಮಾಣಪತ್ರ ಸಲ್ಲಿಸಬೇಕು. ಆಸ್ತಿ, ಸಾಲ, ಓದು, ಮೊಕದ್ದಮೆ ಎಲ್ಲ ಅದರಲ್ಲಿರುತ್ತದೆ. ಇಷ್ಟು ಮಾಹಿತಿ ನಮಗೆ ದಕ್ಕಿದ್ದು 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ. ಮೊಕದ್ದಮೆಗಳ ಪಟ್ಟಿಯನ್ನು ಓದುವಾಗಲೂ ಒಂದಿಷ್ಟು ವಿವೇಚನೆ ಬೇಕು. ಕೊಲೆ ಯತ್ನದ ಕೇಸೂ ಅಲ್ಲಿರುತ್ತದೆ, ನಿಷೇಧಾಜ್ಞೆ ಮೀರಿ ಧರಣಿ ಕೂತ ಕೇಸೂ ಇರುತ್ತದೆ. ಎರಡನೆಯದು ಎಷ್ಟೋ ಸಲ ಆ ವ್ಯಕ್ತಿಯ ಬಗ್ಗೆ ಗೌರವ ಹುಟ್ಟಿಸಬೇಕಾದ ಸಂಗತಿ.

ಆದರೆ ಗೆದ್ದುಹೋದ ಮೇಲೆ ಇವರು ಜನರನ್ನು ವಿಚಾರಣೆಯಿಲ್ಲದೆ ಕೂಡಿಹಾಕುವ ಕಾನೂನಿಗೆ ಒಪ್ಪಿಗೆ ಕೊಡುತ್ತಾರೋ, ಅಡ್ಡ ನಿಲ್ಲುತ್ತಾರೋ ಎನ್ನುವುದು ಆ ಹಾಳೆಗಳಲ್ಲಿ ಸಿಗದು. ಭಾಷಣದಲ್ಲೂ ಸಿಗದು. ಅವರ ನಡೆಯನ್ನೇ ನೋಡಬೇಕು. ಅಧಿಕಾರ ಕೈಯಲ್ಲಿದ್ದಾಗ ತಮಗಾಗದವರ ಹಕ್ಕಿನ ವಿಷಯದಲ್ಲಿ ಏನು ಮಾಡಿದರು ಎಂಬುದನ್ನು.

1975ರ ಜೂನ್ 26ರ ಬೆಳಗ್ಗೆ ಬೆಂಗಳೂರಿನಲ್ಲಿ ನಾಲ್ವರು ಸಂಸದರ ಬಂಧನವಾಯಿತು: ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ. ಪಕ್ಷಾಂತರ ತಡೆ ಮಸೂದೆಯ ಕುರಿತ ಸಂಸದೀಯ ಸಮಿತಿಯ ಸಭೆಗೆಂದು ಅವರು ಬಂದಿದ್ದರು. ಹಿಂದಿನ ರಾತ್ರಿಯಷ್ಟೇ ತುರ್ತು ಪರಿಸ್ಥಿತಿ ಜಾರಿಯಾಗಿತ್ತು. ಕೆಲವೇ ದಿನಗಳಲ್ಲಿ, ವಿಚಾರಣೆಯಿಲ್ಲದೆ ಬಂಧಿಸಿಡಲು ಬಿಡುತ್ತಿದ್ದ ಮೀಸಾ ಕಾಯ್ದೆಗೆ ತಿದ್ದುಪಡಿ ತಂದು, ಏಕೆ ಹಿಡಿದಿದ್ದೇವೆ ಎಂದು ಬಂಧಿತನಿಗೆ ತಿಳಿಸಬೇಕಾದ ಅಗತ್ಯವನ್ನೇ ತೆಗೆದುಹಾಕಲಾಯಿತು. ಬಂಧನ ಸರಿಯೇ ತಪ್ಪೇ ಎಂದು ಕೇಳುವ ಅಧಿಕಾರವೇ ಕೋರ್ಟಿಗಿಲ್ಲ ಎಂದು ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು ಒಪ್ಪಿಬಿಟ್ಟಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಹಿರಿತನದ ಪ್ರಕಾರ ಅವರಿಗೆ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಪದವಿ ಮರುವರ್ಷ ಅವರ ಕೈತಪ್ಪಿತು.

ಅದೇ ಬೆಂಗಳೂರಿನ ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿಯವರೂ ಇದ್ದರು. 'ಸಂಸ್ಕಾರ' ಚಿತ್ರದ ಚಂದ್ರಿ ಅವರೇ. ಆಸ್ತಮಾದಿಂದ ಉಸಿರಿಗಾಗಿ ಒದ್ದಾಡುತ್ತಾ ತಿಂಗಳುಗಟ್ಟಲೆ ಸೆರೆಯಲ್ಲಿ ಕಳೆದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಿಟ್ಟಾಗ ದೇಹ ಸೋತುಹೋಗಿತ್ತು. ಜನವರಿ 20ರಂದು ತೀರಿಕೊಂಡರು. ಎರಡು ತಿಂಗಳಲ್ಲಿ ಲೋಕಸಭಾ ಚುನಾವಣೆ ಬಂತು. ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಗೆದ್ದದ್ದು ತುರ್ತು ಪರಿಸ್ಥಿತಿ ಹೇರಿದ ಕಾಂಗ್ರೆಸ್ಸೇ.

ಈ ಅಂಕಿ ನನ್ನನ್ನು ಇವತ್ತಿಗೂ ಕಾಡುತ್ತದೆ. ಹಾಗೆಂದು ಅಂದಿನ ಮತದಾರರನ್ನು ದೂರುವ ಮನಸ್ಸಿಲ್ಲ. ದೇವರಾಜ ಅರಸರ ಭೂಸುಧಾರಣೆಯಿಂದ ತಾನು ಉಳುತ್ತಿದ್ದ ನೆಲಕ್ಕೆ ಒಡೆಯನಾಗುವ ದಾರಿ ಕಂಡ ಗೇಣಿದಾರನಿಗೆ ಆ ಪಕ್ಷಕ್ಕೆ ಮತ ಹಾಕಲು ಗಟ್ಟಿಯಾದ ಕಾರಣವಿತ್ತು. ಉತ್ತರದ ಸ್ಥಿತಿ ಬೇರೆ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮೀರಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು; ಬಲವಂತದ ಬಿಸಿ ಹೆಚ್ಚು ತಟ್ಟಿದ್ದು ಅಲ್ಲಿನ ಹಳ್ಳಿಗಳಿಗೆ. ಉತ್ತರಪ್ರದೇಶದ 85, ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ಸ್ವಾತಂತ್ರ್ಯಹರಣ ಮನೆ ಬಾಗಿಲಿಗೆ ಬಂದಲ್ಲಿ ಜನ ಅದನ್ನು ನೋಡಿಯೇ ಮತ ಹಾಕಿದರು. ಜೈಲಿನ ಗೋಡೆಯ ಆಚೆಗಷ್ಟೇ ಇದ್ದಲ್ಲಿ ಅದು ಚುನಾವಣೆಯ ಪ್ರಶ್ನೆಯಾಗಲಿಲ್ಲ.

ಈಗ ಜೈಲಿನಿಂದ ಬಂದು ಅಧಿಕಾರ ಹಿಡಿದವರ ಕಡೆ ನೋಡೋಣ. ಆ ಚುನಾವಣೆಯಲ್ಲಿ ದೇಶದ ಮಟ್ಟದಲ್ಲಿ ಗೆದ್ದ ಜನತಾ ಪಕ್ಷದ ಸರ್ಕಾರ ಮೀಸಾವನ್ನು ರದ್ದು ಮಾಡಿತು. ಸಂವಿಧಾನದ 44ನೇ ತಿದ್ದುಪಡಿ ತಂದು, ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿಡದಂತೆ ಮಾಡಿತು. ಇದು ದೊಡ್ಡ ಕೆಲಸ. ಆದರೆ ಆ ತಿದ್ದುಪಡಿಯ 3ನೇ ಕಲಮು ಏನಾಯಿತು?

ಅಪರಾಧ ನಡೆಯುವ ಮೊದಲೇ, ನಡೆದೀತೆಂಬ ಶಂಕೆಯ ಮೇಲೆ ಹಿಡಿದಿಡುವುದು ಮುಂಜಾಗ್ರತಾ ಬಂಧನ. ನಮ್ಮ ಸಂವಿಧಾನದ 22ನೇ ವಿಧಿಯೇ ಅದಕ್ಕೆ ಅವಕಾಶ ಕೊಟ್ಟಿದೆ. ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಮೂರು ತಿಂಗಳು ಇಟ್ಟುಕೊಳ್ಳಬಹುದು. ಮಂಡಳಿಯ ಸದಸ್ಯರು ನ್ಯಾಯಮೂರ್ತಿಗಳೇ ಆಗಿರಬೇಕಿಲ್ಲ, ಆ ಹುದ್ದೆಗೆ ಅರ್ಹತೆ ಇದ್ದರೂ ಸಾಕು. ಅದರ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಬಂಧಿತನಿಗಿಲ್ಲ. 3ನೇ ಕಲಮು ಮೂರು ತಿಂಗಳನ್ನು ಎರಡಕ್ಕೆ ಇಳಿಸಿತು. ಮಂಡಳಿಯಲ್ಲಿ ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಗಳೇ ಇರಬೇಕು, ಅವರ ನೇಮಕ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆ ಆಗಬೇಕು ಎಂದಿತು. ಸಂಸತ್ತು ಇದನ್ನು ಅಂಗೀಕರಿಸಿತು. ಜಾರಿಗೆ ಬರಲು ಬೇಕಿದ್ದದ್ದು ಕೇಂದ್ರ ಸರ್ಕಾರದ ಒಂದು ಅಧಿಸೂಚನೆ ಮಾತ್ರ. ಆ ಅಧಿಸೂಚನೆ ಇಂದಿಗೂ ಹೊರಟಿಲ್ಲ.

ಜನತಾ ಸರ್ಕಾರ ಹೊರಡಿಸಲಿಲ್ಲ, ಅದನ್ನು ಸೋಲಿಸಿ ಬಂದ ಕಾಂಗ್ರೆಸ್ಸೂ ಹೊರಡಿಸಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲು ಕಂಡ ದೇವೇಗೌಡರು ಪ್ರಧಾನಿಯಾದರು. ವಾಜಪೇಯಿ ಪ್ರಧಾನಿಯಾದರು, ಅಡ್ವಾಣಿ ಗೃಹಮಂತ್ರಿಯಾದರು. ಕಲಮು ಇದ್ದಲ್ಲೇ ಉಳಿಯಿತು. ಸರ್ಕಾರಕ್ಕೆ ಆಜ್ಞೆ ಮಾಡಿ ಎಂದು ಸುಪ್ರೀಂ ಕೋರ್ಟಿಗೆ ಹೋದವರಿಗೆ, ಅದು ತನ್ನ ಕೈಯಲ್ಲಿಲ್ಲ ಎಂಬ ಉತ್ತರ ಸಿಕ್ಕಿತು. ಜೈಲು ಕಂಡವರು ಜೈಲಿನ ಕಾನೂನನ್ನು ಸಡಿಲಿಸಿಯೇ ತೀರುತ್ತಾರೆ ಎಂದು ನಂಬುವಂತಿಲ್ಲ.

ಭಯೋತ್ಪಾದನೆ ತಡೆ ಕಾಯ್ದೆಯಾದ ಪೋಟಾದ ಕತೆ ಇದನ್ನು ಇನ್ನೂ ಹತ್ತಿರದಿಂದ ತೋರಿಸುತ್ತದೆ. 2002ರ ಮಾರ್ಚ್ 26ರಂದು ಸಂಸತ್ತಿನ ಜಂಟಿ ಅಧಿವೇಶನ ಕರೆದು, 425–296 ಮತಗಳಿಂದ ಅದನ್ನು ಪಾಸು ಮಾಡಿಸಿದ್ದು ವಾಜಪೇಯಿ ಸರ್ಕಾರ. ಬೆಂಬಲಿಸಿದ ಮಿತ್ರಪಕ್ಷಗಳಲ್ಲಿ ತಮಿಳುನಾಡಿನ ವೈಕೋ ಅವರ ಎಂಡಿಎಂಕೆಯೂ ಒಂದು. ಜುಲೈನಲ್ಲಿ ಅಮೆರಿಕದಿಂದ ಮರಳಿದ ವೈಕೋ ಚೆನ್ನೈ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ಪೊಲೀಸರು ಬಂಧಿಸಿದರು. ಕಾನೂನು ಅದೇ ಪೋಟಾ. ಕಾರಣ ತಿರುಮಂಗಲಂನಲ್ಲಿ ಎಲ್‌ಟಿಟಿಇ ಪರವಾಗಿ ಮಾಡಿದ ಒಂದು ಭಾಷಣ. ಹೊರಬರಲು 2004ರ ಫೆಬ್ರವರಿಯೇ ಆಗಬೇಕಾಯಿತು. ಇನ್ನು ಪೋಟಾವನ್ನು ವಿರೋಧಿಸಿದ್ದ ಕಾಂಗ್ರೆಸ್ 2004ರಲ್ಲಿ ಅಧಿಕಾರಕ್ಕೆ ಬಂದು ಅದನ್ನು ರದ್ದುಪಡಿಸಿತು, ಹೌದು. ಆದರೆ ಅದರ ಹಲವು ಅಂಶಗಳನ್ನು ಆಗಲೇ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯಾದ ಯುಎಪಿಎಗೆ ಸೇರಿಸಿತು. ಮುಂಬೈ ದಾಳಿಯಾದ ತಿಂಗಳೊಳಗೆ, 2008ರ ಡಿಸೆಂಬರಿನಲ್ಲಿ, ಆರೋಪಪಟ್ಟಿಯಿಲ್ಲದೆ 180 ದಿನ ಇಟ್ಟುಕೊಳ್ಳುವ ಅವಕಾಶವನ್ನೂ ಜಾಮೀನನ್ನು ಬಹುತೇಕ ಕನಸಾಗಿಸುವ ಷರತ್ತನ್ನೂ ತಂದಿತು. 2019ರಲ್ಲಿ ಬಿಜೆಪಿ ಸರ್ಕಾರ ಅದೇ ಕಾಯ್ದೆಯಡಿ, ಸಂಘಟನೆಗಳನ್ನಷ್ಟೇ ಅಲ್ಲ, ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕನೆಂದು ಘೋಷಿಸುವ ಅಧಿಕಾರ ಪಡೆಯಿತು. ಒಬ್ಬರು ಹಾಕಿದ ಅಡಿಪಾಯದ ಮೇಲೆ ಇನ್ನೊಬ್ಬರು ಮಹಡಿ ಕಟ್ಟುತ್ತಾ ಬಂದಿದ್ದಾರೆ.

ಹಾಗಾದರೆ ಒಬ್ಬ ಸಂಸದನ ನಿಲುವನ್ನು ಎಲ್ಲಿ ಹುಡುಕಬೇಕು? ಮತದಾನದ ದಾಖಲೆಯಲ್ಲಿ ಸಿಗುವುದು ಕಡಿಮೆ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ, ಯಾರು ಹೌದೆಂದರು ಎಂಬುದು ಬರಹಕ್ಕೆ ಬರುವುದಿಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಪಕ್ಷದ ಆಜ್ಞೆ ಬಿಗಿಯಾಗಿರದ ಕಡೆ ನೋಡಿದರೆ ಮನುಷ್ಯ ಕಾಣುತ್ತಾನೆ: ಕೇಳಿದ ಪ್ರಶ್ನೆ, ಸೂಚಿಸಿದ ತಿದ್ದುಪಡಿ, ಸಮಿತಿಯ ವರದಿಗೆ ಬರೆದ ಭಿನ್ನ ಟಿಪ್ಪಣಿ, ಖಾಸಗಿ ಮಸೂದೆ. 2015ರ ಡಿಸೆಂಬರಿನಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಪಟ್ಟಿಯಿಂದ ತೆಗೆಯುವ ಖಾಸಗಿ ಮಸೂದೆಯನ್ನು ಶಶಿ ತರೂರ್ ಮಂಡಿಸಲು ಹೋದರು. ಮಂಡನೆಗೇ 71 ಮಂದಿ ಅಡ್ಡಿಪಡಿಸಿದರು, ಪರವಾಗಿ ನಿಂತವರು 24. ಐನೂರಕ್ಕೂ ಹೆಚ್ಚು ಸದಸ್ಯರ ಸದನದಲ್ಲಿ ಮತ ಹಾಕಿದವರೇ ಅಷ್ಟು. ನಮ್ಮ ಸಂಸದರು ಅಂದು ಎಲ್ಲಿದ್ದರು ಎಂದು ಮತದಾರರು ಕೇಳುವುದು ನ್ಯಾಯವೇ ಆಗಿತ್ತು.

ವಿಧಾನಸಭೆಗೆ ನಿಂತವರನ್ನೂ ಇದೇ ರೀತಿ ಕೇಳಬಹುದು. ಗೂಂಡಾ ಕಾಯ್ದೆ ಎಂದು ನಾವು ಕರೆಯುವ 1985ರ ಕಾನೂನು ಕರ್ನಾಟಕದ ಶಾಸಕರದ್ದೇ ಕೆಲಸ. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಲು ಅದು ಬಿಡುತ್ತದೆ. 2014ರಲ್ಲಿ ಅದರ ವ್ಯಾಪ್ತಿಯನ್ನು ಡಿಜಿಟಲ್ ಅಪರಾಧಿಗಳಿಗೂ ಆಡಿಯೊ, ವಿಡಿಯೊ ನಕಲು ಮಾಡುವವರಿಗೂ ಹಿಗ್ಗಿಸಲಾಯಿತು. ಸಿನಿಮಾ ನಕಲು ಮಾಡುವುದು ತಪ್ಪು. ಅದಕ್ಕೆ ಕೇಸು ಹಾಕಿ, ಸಾಕ್ಷಿ ತಂದು, ಶಿಕ್ಷೆ ಕೊಡಿಸಲು ಬೇರೆ ಕಾನೂನಿದೆ. ಮತ ಕೇಳಲು ಬಂದ ಹಾಲಿ ಶಾಸಕರಿಗೆ ಮೂರು ಪ್ರಶ್ನೆ ಹಾಕಿ. ಈ ಕಾಯ್ದೆಯಡಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಜನರನ್ನು ಹಿಡಿದಿದ್ದಾರೆ, ಎಷ್ಟು ಆದೇಶಗಳನ್ನು ಹೈಕೋರ್ಟ್ ತಳ್ಳಿಹಾಕಿದೆ, ನೀವು ಸದನದಲ್ಲಿ ಈ ಬಗ್ಗೆ ಒಮ್ಮೆಯಾದರೂ ಕೇಳಿದ್ದೀರಾ? ಹೊಸಬರಾದರೆ ಒಂದೇ ಪ್ರಶ್ನೆ ಸಾಕು: ನಿಮ್ಮ ಎದುರು ಪಕ್ಷದ ಕಾರ್ಯಕರ್ತನನ್ನು ಇದರಡಿ ಒಳಗೆ ಹಾಕಿದರೆ ಠಾಣೆಯ ಮುಂದೆ ಬಂದು ನಿಲ್ಲುತ್ತೀರಾ?